ಎಂಜಿನ್ನಿನ ಕಿವಿ

“ಉಸ್ತಾದ್, ಖರ್ಚು ಜಾಸ್ತಿ ಆಗಬಾರದು, ಟರ್ಬೋ ಕಾರಿನ ಬೂಸ್ಟ್ ಮಾತ್ರ ಜಾಸ್ತಿ ಆಗಬೇಕು ಅಂತಾನೆ ಗಿರಾಕಿ. ಮಾಡಿಕೊಡ್ಲಾ, ಬೇಡ್ವಾ?” ಎಂದು ತಿಪ್ಪೇಶ ಕೇಳಿದ.

ಅವನು ದಾದಾಪೀರ್ ಉಸ್ತಾದರ ಕೈಕೆಳಗೆ ಎಂಟು ವರ್ಷ ಮೆಕ್ಯಾನಿಕ್ ಕೆಲಸ ಕಲಿತು, ಈಗ ಸ್ವಂತ ಗ್ಯಾರೇಜು ಇಟ್ಟವನು. ಗಿರಾಕಿಯನ್ನು ಅಲ್ಲೇ ಕೂರಿಸಿ ಉಸ್ತಾದರ ಮನೆಗೆ ಓಡಿಬಂದಿದ್ದ. ತಾನು ಆಗುವುದಿಲ್ಲ ಎಂದರೆ ಪಕ್ಕದ ಬೀದಿಯವನು ಮಾಡಿಕೊಡುತ್ತಾನೆ ಎಂಬುದೇ ಅವನ ಚಿಂತೆ. ಉಸ್ತಾದರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಆದರೆ ಎಲ್ಲದರಲ್ಲೂ ಕೊಸರು ಕೇಳುವ ಚಾಳಿ. ಸೊಪ್ಪು ಕೊಂಡರೆ ಮೇಲೊಂದು ಹಿಡಿ, ಹಾಲು ಕೊಂಡರೆ ಮೇಲೊಂದು ತೊಟ್ಟು. ದೇವರೇ ಪ್ರತ್ಯಕ್ಷನಾಗಿ ವರ ಕೊಟ್ಟಿದ್ದರೂ ಅದರ ಮೇಲೊಂದು ಕೊಸರು ಕೇಳದೆ ಬಿಡುತ್ತಿರಲಿಲ್ಲ. ಅವನು ಹಳೆಯ ಟರ್ಬೋ ಕಾರೊಂದನ್ನು ಕೊಂಡ. ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಕಾರು. ಆ ಗಾಳಿಯ ಒತ್ತಡಕ್ಕೇ ಬೂಸ್ಟ್ ಎನ್ನುವುದು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಗೆ ಆ ಕಾರು ಬೇಕಾದಷ್ಟಾಗಿತ್ತು.

ಒಂದು ದಿನ ಏರು ರಸ್ತೆಯಲ್ಲಿ ಷಡ್ಡಕನ ಹೊಸ ಕಾರು ಹಾರ್ನ್ ಹೊಡೆದು ಇವನನ್ನು ಹಿಂದೆ ಹಾಕಿ ಹೋಯಿತು. ಒಡಹುಟ್ಟಿದವರು ಮುಂದೆ ಹೋದರೆ ಸಹಿಸಬಹುದು, ಷಡ್ಡಕ ಮುಂದೆ ಹೋದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮರುದಿನ ಬೆಳಿಗ್ಗೆಯೇ ವ್ಯಾಪಾರಿ ಒಬ್ಬ ಮೆಕ್ಯಾನಿಕ್ ಬಳಿ ಹೋಗಿ ಬೂಸ್ಟ್ ಏರಿಸಿಕೊಡು ಎಂದ.

ಮೆಕ್ಯಾನಿಕ್ ಕೆಲಸ ಬಲ್ಲವನು. ಗಾಳಿ ಹೆಚ್ಚಾದರೆ ಪೆಟ್ರೋಲೂ ಅದಕ್ಕೆ ತಕ್ಕಂತೆ ಹೆಚ್ಚು ಹರಿಯಬೇಕು, ಕಾದ ಗಾಳಿಯನ್ನು ತಣಿಸಬೇಕು, ಕ್ಲಚ್ಚು ಗಟ್ಟಿಯದು ಬೇಕು, ಅಷ್ಟು ಓಡುವ ಕಾರನ್ನು ನಿಲ್ಲಿಸಲು ಬ್ರೇಕೂ ಬೇಕು ಎಂದು ತಿಳಿಹೇಳಿದ. ವ್ಯಾಪಾರಿ ನಕ್ಕುಬಿಟ್ಟ.

“ಅಷ್ಟೆಲ್ಲ ಯಾಕಯ್ಯಾ? ಇರೋದರ ಮೇಲೇ ಒಂದಿಷ್ಟು ಕೊಸರು ಹಾಕು.”

ಕೊಸರು ಹಾಕುವ ಕಳ್ಳದಾರಿಯೊಂದು ಇತ್ತು. ಟರ್ಬೋ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಸಣ್ಣ ಬಾಗಿಲೊಂದು ಇರುತ್ತದೆ. ಒತ್ತಡ ಎಷ್ಟಾಯಿತು ಎಂದು ಆ ಬಾಗಿಲಿಗೆ ತಿಳಿಸುವುದು ಒಂದು ತೆಳು ಪೈಪು. ಮೀನಿನ ತೊಟ್ಟಿಗೆ ಗಾಳಿ ಬಿಡಲು ಹಾಕುತ್ತಾರಲ್ಲ, ಅಂಥ ಪ್ಲಾಸ್ಟಿಕ್ ವಾಲ್ವನ್ನು ಆ ಪೈಪಿನ ನಡುವೆ ಸಿಕ್ಕಿಸಿ ಗಾಳಿ ತುಸು ಸೋರುವಂತೆ ಮಾಡಿದರೆ ಮುಗಿಯಿತು. ಒತ್ತಡ ಏರಿದ ಸುದ್ದಿ ಬಾಗಿಲಿಗೆ ಅರ್ಧವೇ ಮುಟ್ಟುತ್ತದೆ, ಅದು ತಡವಾಗಿ ತೆರೆಯುತ್ತದೆ. ಒಂದು ಮಸಾಲೆ ದೋಸೆಯ ಖರ್ಚು. ಮೆಕ್ಯಾನಿಕ್ ಮಾಡಿಕೊಟ್ಟ. ಕಾರು ಚಿಮ್ಮಿತು. ವ್ಯಾಪಾರಿ ಅದೇ ಸಂಜೆ ಷಡ್ಡಕನ ಮನೆಯ ಮುಂದೆ ಸುಮ್ಮಸುಮ್ಮನೆ ಎರಡು ಸಲ ಓಡಾಡಿದ.

ನಾಲ್ಕು ದಿನಕ್ಕೆ ಕಾರು ಮತ್ತೆ ಮಂಕಾಯಿತು. ಎಂಜಿನ್ನಿಗೆ ಒಂದು ಕಿವಿಯೂ ಇರುತ್ತದೆ, ಮೈಗೆ ಬೋಲ್ಟ್ ಹಾಕಿ ಕೂರಿಸಿದ ಸೆನ್ಸರ್. ಒಳಗೆ ಬೆಂಕಿ ಹೊತ್ತಬಾರದ ಗಳಿಗೆಯಲ್ಲಿ ಹೊತ್ತಿದರೆ ಟಕಟಕ ಎಂದು ಬಡಿತ ಏಳುತ್ತದೆ. ಕಿವಿ ಅದನ್ನು ಕೇಳಿಸಿಕೊಂಡು, ಎಂಜಿನ್ ಒಡೆಯಬಾರದೆಂದು ಅದರ ಶಕ್ತಿಯನ್ನು ಹಿಡಿದಿಡುತ್ತದೆ. ಅದರ ಕೆಲಸವೇ ಅದು. ವ್ಯಾಪಾರಿಗೆ ರೇಗಿತು. ಆ ಕಿವಿಯನ್ನು ಮುಚ್ಚು ಎಂದ. ಮೆಕ್ಯಾನಿಕ್ ಸೆನ್ಸರಿನ ಅಡಿಗೆ ಒಂದು ರಬ್ಬರ್ ಬಿಲ್ಲೆ ಇಟ್ಟು ಬೋಲ್ಟ್ ಬಿಗಿದ. ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ. ಒಳ್ಳೆಯ ಗಿರಾಕಿ, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇನ್ನು ಉಳಿದವಳು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಹೆಂಡತಿ. ಆಕೆಗೆ ಕಾರಿನ ಗಂಧಗಾಳಿ ಇಲ್ಲ. ಆದರೆ ಕುಕ್ಕರಿನ ಸದ್ದು ತುಸು ಬದಲಾದರೂ ಹಿತ್ತಲಿನಿಂದಲೇ ಓಡಿ ಬರುವವಳು. ಒಂದು ದಿನ ಏರಿನಲ್ಲಿ, “ರೀ, ಡಬ್ಬಿಯೊಳಗೆ ಕಡಲೆ ಅಲ್ಲಾಡಿಸಿದ ಹಾಗೆ ಏನೋ ಸದ್ದು ಬರ್ತಿದೆ” ಎಂದಳು. ನಿನಗೇನು ಗೊತ್ತು, ಸುಮ್ಮನೆ ಕೂತಿರು ಎಂದ. ಇನ್ನೊಮ್ಮೆ ಹೇಳಿದಾಗ ಹಿಂದಿನ ಸೀಟಿನಲ್ಲಿ ಆಕೆಯ ತಂಗಿ ಇದ್ದಳು. ಷಡ್ಡಕನ ಹೆಂಡತಿಯ ಎದುರಿಗೆ ತನ್ನ ಕಾರಿಗೆ ಹುಳುಕು ಹೇಳಿದಳಲ್ಲ ಎಂದು ಬಾಯಿಗೆ ಬಂದಂತೆ ಬೈದ. ಮೂರನೆಯ ಸಲ ಆಕೆ ಬಾಯಿ ತೆರೆಯುವುದರೊಳಗೆ ಹಾಡಿನ ಸದ್ದು ಏರಿಸಿದ.

ಅಂದಿನಿಂದ ಆಕೆ ಕಿಟಕಿಯ ಹೊರಗೆ ನೋಡುತ್ತ ಕೂರತೊಡಗಿದಳು. ಕಾರಿನಲ್ಲಷ್ಟೇ ಅಲ್ಲ, ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಸಾರಿಗೆ ಉಪ್ಪು ಸಾಕೇ ಎಂದು ಕೇಳುವುದನ್ನೂ ಬಿಟ್ಟಳು. ವ್ಯಾಪಾರಿಗೆ ಅದು ಹಿತವೆನಿಸಿತು. ಈಗ ಯಾರ ಕಿರಿಕಿರಿಯೂ ಇಲ್ಲ, ಎಲ್ಲ ಸರಿಹೋಯಿತು ಎಂದುಕೊಂಡ. ಪಾಪಿ, ನಿಜವಾಗಿಯೂ ಹಾಗೆಂದುಕೊಂಡ.

ವರ್ಷ ತುಂಬುವುದರೊಳಗೆ ಆಕೆ ಸೊರಗಿ ಅರ್ಧವಾದಳು. ಸೀರೆಯ ನೆರಿಗೆಗಳು ಹೆಚ್ಚಾದವು, ರವಿಕೆ ಜೋತುಬಿತ್ತು. ದಿನವೆಲ್ಲ ಬಟ್ಟೆ ಅಳೆಯುವವನ ಕಣ್ಣಿಗೆ ಅದು ಬೀಳಲಿಲ್ಲ. ಕಂಡು ಗಾಬರಿಯಾದವಳು ಆಕೆಯ ತಂಗಿ. ಅವಳು ಹಟ ಹಿಡಿದ ಮೇಲೆ ವ್ಯಾಪಾರಿ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಹೊಟ್ಟೆನೋವು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಹೋದ ದೀಪಾವಳಿಯಿಂದ ಎಂದಳು. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಎಲ್ಲ ಕಡೆ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವನು ಇನ್ನೊಂದು ಪರೀಕ್ಷೆ, ಇನ್ನೊಂದು ಔಷಧ ಎಂದು ಗೋಗರೆದ. ಡಾಕ್ಟರು ಪ್ರಯೋಜನವಿಲ್ಲವೆಂದು ತಲೆಯಾಡಿಸಿದರು.

ಕಾರಿನ ಬಳಿ ಬಂದ ಮೇಲೆ ಕೇಳಿದ.

“ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ ನೀನು?”

ಆಕೆಗೆ ಸಿಟ್ಟೇನೂ ಇರಲಿಲ್ಲ. “ಹೇಳಿದ್ರೆ ಬೈತೀರೇನೋ ಅಂತ ಸುಮ್ಮನಿದ್ದೆ ಕಣ್ರೀ” ಎಂದಳು.

ಅವನು ಸ್ಟೀರಿಂಗ್ ಹಿಡಿದು ಅತ್ತ. ಆಮೇಲೆ ಮುಖ ಒರೆಸಿಕೊಂಡು ಹೊರಟ. ಹಾಡು ಹಾಕುವ ಮನಸ್ಸಿರಲಿಲ್ಲ. ಏರು ಬಂದಾಗ ಡಬ್ಬಿಯೊಳಗಿನ ಕಡಲೆಯ ಸದ್ದು ಅವನಿಗೂ ಕೇಳಿಸಿತು. ತಿಂಗಳುಗಟ್ಟಲೆ ಆಕೆ ಒಬ್ಬಳೇ ಕೇಳುತ್ತ ಕುಳಿತಿದ್ದ ಸದ್ದು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಒಳಗೆ ಏನೋ ಒಡೆಯಿತು, ಹಿಂದಿನಿಂದ ನೀಲಿ ಹೊಗೆ ಎದ್ದಿತು. ಪಿಸ್ಟನ್ ತೂತು ಬಿದ್ದಿತ್ತು.

ಆಕೆಯನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿ, ಹೋಗಿಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದು ನಿಂತ. ಜೀವಮಾನವಿಡೀ ಕೊಸರು ಕೇಳಿ ಪಳಗಿದವನಿಗೆ, ಆಕೆಗಾಗಿ ಇನ್ನೊಂದು ವರ್ಷದ ಕೊಸರನ್ನು ಯಾರ ಹತ್ತಿರ ಕೇಳಬೇಕೋ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಾಲಿನ ಟೆಂಪೋ ಒಂದು ನಿಂತಿತು. ಡ್ರೈವರು ಆಕೆಯನ್ನು ಮುಂದೆ ಕೂರಿಸಿಕೊಂಡ, ವ್ಯಾಪಾರಿ ಹಿಂದೆ ಕ್ಯಾನುಗಳ ನಡುವೆ ಕುಳಿತ.

ಉಸ್ತಾದರು ಅಷ್ಟಕ್ಕೆ ನಿಲ್ಲಿಸಿದರು. ಗ್ಯಾರೇಜಿನಲ್ಲಿ ಕಾದಿರುವ ಗಿರಾಕಿ ತಿಪ್ಪೇಶನಿಗೆ ಮರೆತೇಹೋಗಿದ್ದ.

“ಆಮೇಲೆ ಅವನೇನು ಮಾಡಿದ, ಉಸ್ತಾದ್?”

“ಆಯಮ್ಮನ ತಿಥಿ ಮುಗಿಸಿ ಬಂದು, ಎಲ್ಲ ಮೊದಲಿದ್ದ ಹಾಗೇ ಮಾಡಿಕೊಡು ಅಂತ ನನ್ನ ಕೈ ಹಿಡ್ಕೊಂಡ ಕಣೋ; ನನಗೆ ಬರೋದು ಕಾರಿನ ಕೆಲಸ ಒಂದೇ.”