ಆಲೆಮನೆಯ ಬಾಗಿಲು

"ಗುರುಗಳೇ, ಕಿವಿಗೆ ಬೀಗ ಹಾಕುವ ಉಪಾಯ ಏನಾದರೂ ಇದೆಯೇ?" ಎಂದು ಶಿಷ್ಯ ಕೇಳಿದ.

ಬೇಸತ್ತು ಕೇಳಿದ ಪ್ರಶ್ನೆ ಅದು. ಮಠವೆಂದರೆ ಜನ. ಹರಕೆ ಹೊತ್ತವರು ಬರುತ್ತಾರೆ, ಜಗಳ ಹೊತ್ತವರು ಬರುತ್ತಾರೆ, ಹೊತ್ತು ಹೋಗದವರೂ ಬರುತ್ತಾರೆ. ಓದಲು ಕುಳಿತರೆ ಯಾರೋ ಕೂಗುತ್ತಾರೆ. ಧ್ಯಾನಕ್ಕೆ ಕುಳಿತರೆ ಯಾರದೋ ಮಗು ಅಳುತ್ತದೆ. ತನ್ನ ಮನಸ್ಸು ಒಂದು ಗಳಿಗೆಯೂ ನಿಲ್ಲುವುದಿಲ್ಲ, ಬೆಟ್ಟದ ಗವಿಯಲ್ಲಿ ಒಬ್ಬನೇ ಇರಲು ಅಪ್ಪಣೆ ಕೊಡಬೇಕು ಎಂದು ಅವನು ಬೇಡಿಕೊಂಡ.

ಗುರುಗಳು ನಕ್ಕರು. "ಗವಿ ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಕೂತು ಕೇಳು," ಎಂದು ಕತೆ ಹೇಳತೊಡಗಿದರು.

ಒಂದೂರಿನ ಆಲೆಮನೆಯಲ್ಲಿ ಒಬ್ಬ ಹದಗಾರನಿದ್ದ. ಕಬ್ಬಿನ ಹಾಲು ಕುದಿಕುದಿದು ಬೆಲ್ಲವಾಗುವ ಹದ ನೋಡಿ ಕೊಪ್ಪರಿಗೆ ಇಳಿಸುವುದು ಅವನ ಕೆಲಸ. ತುಸು ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ತುಸು ತಡವಾದರೆ ಸೀದು ಕಹಿಯಾಗುತ್ತದೆ. ಈ ಹದ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೊತಕೊತ ಎನ್ನುತ್ತಿದ್ದ ಪಾಕ ದನಿ ತಗ್ಗಿಸಿ ಪೊಳಕ್ ಪೊಳಕ್ ಎಂದಾಗ ಒಲೆಯ ಉರಿ ಎಳೆಯಬೇಕು.

ಊರಿನವರೆಲ್ಲರ ಕಬ್ಬೂ ಸರದಿಯ ಮೇಲೆ ಅಲ್ಲಿಗೇ ಬರುತ್ತಿತ್ತು. ಅವನ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಟ್ಟಿರಲಿಲ್ಲ. ಪಕ್ಕದಲ್ಲಿ ಸಿಡಿಲು ಬಡಿದರೂ ಅವನ ಗಮನ ಅಲ್ಲಾಡುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಅವನೂ ಅದನ್ನು ನಂಬಿದ್ದ. ಹೊಗಳಿಕೆಯನ್ನು ನಂಬದವರು ಯಾರಿದ್ದಾರೆ?

ಆಲೆಮನೆಗೆ ಒಂದು ಕಟ್ಟುಪಾಡಿದೆ. ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ದಾರಿಹೋಕನಿಗೂ ಒಂದು ಚೊಂಬು ಕಬ್ಬಿನ ಹಾಲು ಕೊಡಬೇಕು, ಎತ್ತಿಕೊಂಡ ಕೂಸಿಗೂ ಒಂದು ಚೂರು ಬಿಸಿ ಬೆಲ್ಲ ಕೊಡಬೇಕು. ಹಾಗಾಗಿ ಅಲ್ಲಿಯ ಬಾಗಿಲಲ್ಲಿ ಹಗಲೆಲ್ಲ ಗದ್ದಲ.

ಒಂದು ವರ್ಷ ಚಿಕ್ಕತಾಯಿ ಎಂಬ ಹೆಸರಿನ ಅವನ ಹೆಂಡತಿ, ಮಗಳ ಬಾಣಂತನಕ್ಕೆಂದು ಮಗಳ ಊರಿಗೆ ಹೋದಳು. ಇತ್ತ ಕಬ್ಬು ಅರೆಯುವುದು ಶುರುವಾಯಿತು. ಆ ವರ್ಷ ಯಾಕೋ ಪ್ರತಿಯೊಂದು ಸದ್ದೂ ನೇರವಾಗಿ ಬಂದು ಅವನ ಬೆನ್ನಿಗೆ ತಾಗತೊಡಗಿತು. "ಅಣ್ಣಾ, ಒಂದ್ ಚೊಂಬು ಹಾಲು." ತಿರುಗಿ ನೋಡುತ್ತಿದ್ದ. "ಮಗೀಗೆ ಒಂಚೂರು ಬೆಲ್ಲ." ಮತ್ತೆ ತಿರುಗುತ್ತಿದ್ದ. ನಾಯಿ ಒಳಗೆ ನುಗ್ಗುತ್ತಿತ್ತು, ಓಡಿಸಲು ಏಳುತ್ತಿದ್ದ. ಹೀಗೆ ಎದ್ದು ಕೂತು ಮಾಡುವಾಗ ಒಂದು ಕೊಪ್ಪರಿಗೆ ಸೀದೇ ಹೋಯಿತು.

ಊರ ಹಿರಿಯರು ಬಂದು ಕರಿ ಬೆಲ್ಲವನ್ನು ನೆಕ್ಕಿ ನೋಡಿ ಉಗುಳಿದರು. ಇನ್ನೊಂದು ಕೆಟ್ಟರೆ ಪಾಕ ಕಲಕುವ ಹುಟ್ಟನ್ನು ಬೇರೆಯವರ ಕೈಗೆ ಕೊಡುತ್ತೇವೆ ಎಂದು ಹೇಳಿ ಹೋದರು. ಅಪ್ಪನ ಕೈಯಿಂದ ತನ್ನ ಕೈಗೆ ಬಂದ ಹುಟ್ಟು ಅದು. ಅದೊಂದು ಹೋದರೆ ಊರಿನಲ್ಲಿ ತಾನು ಯಾರೂ ಅಲ್ಲ ಎಂದು ಹದಗಾರನಿಗೆ ಗೊತ್ತಿತ್ತು. ಅನ್ನ ಸೇರದಾಯಿತು.

ಮೊದಲು ಅವನು ಜನರನ್ನು ಬೈದ. ಈ ವರ್ಷ ಇವರ ಬಾಯಿ ದೊಡ್ಡದಾಗಿದೆ ಎಂದುಕೊಂಡ. ಆಮೇಲೆ ತನ್ನನ್ನೇ ಬೈದುಕೊಂಡ. ವಯಸ್ಸಾಯಿತು, ಮನಸ್ಸಿನ ಕಸುವು ಹೋಯಿತು ಎಂದುಕೊಂಡ. ಕೊನೆಗೆ ನಿನ್ನ ಹಾಗೆಯೇ ಒಂದು ಉಪಾಯ ಹುಡುಕಿದ.

ಮುಂದಿನ ಸರದಿ ನಂಜವ್ವ ಎಂಬ ಮುದುಕಿಯದು. ಅವಳಿಗಿದ್ದದ್ದು ಅಂಗೈಯಗಲ ಹೊಲ. ವರ್ಷದ ಕಬ್ಬೆಲ್ಲ ಒಂದೇ ಕೊಪ್ಪರಿಗೆಯಲ್ಲಿ ಮುಗಿಯುವಷ್ಟು. ಹಾಲು ಕುದಿಯಲು ಇಟ್ಟವನೇ ಹದಗಾರ ಎದ್ದು ಬಾಗಿಲು ಹಾಕಿದ. ಆಲೆಮನೆಯ ಬಾಗಿಲು ಹಾಕಿದ್ದನ್ನು ಆ ಊರು ಅವತ್ತೇ ಕಂಡದ್ದು. ಆಮೇಲೆ ಎರಡೂ ಕಿವಿಗೆ ಅರಳೆ ತುರುಕಿಕೊಂಡು ಹುಟ್ಟು ಹಿಡಿದು ಕೂತ.

ಸದ್ದೆಲ್ಲ ಅಡಗಿತು. ಆದರೆ ಮನಸ್ಸು ಬಾಗಿಲ ಆಚೆಗೇ ಹೋಗಿ ನಿಂತಿತು. ಯಾರು ಬಂದಿರಬಹುದು? ಯಾರು ಬರಿಗೈಯಲ್ಲಿ ಹಿಂದಿರುಗಿದರೋ? ಶಾಪ ಹಾಕಿದರೋ ಏನೋ? ಎದುರಿಗೆ ಪಾಕ ಕುದಿಯುತ್ತಿತ್ತು. ಅದು ಏನು ಹೇಳುತ್ತಿದೆ ಎಂಬುದು ಅವನಿಗೆ ಕೇಳಿಸುತ್ತಿರಲಿಲ್ಲ.

ಅಷ್ಟರಲ್ಲಿ ನಂಜವ್ವ ಬಾಗಿಲು ದೂಡಿಕೊಂಡು ಒಳಗೆ ಬಂದಳು. ನೇರ ಅವನ ಹತ್ತಿರ ಬಂದು ಕಿವಿಯ ಅರಳೆ ಕಿತ್ತು ಒಲೆಗೆ ಎಸೆದಳು.

"ಕಿವಿ ಮುಚ್ಕೊಂಡು ಪಾಕ ನೋಡೋನ ನಾ ಇವತ್ತೇ ಕಂಡಿದ್ದು ಕಣಪ್ಪ," ಎಂದಳು.

"ಜನ ಬಿಡಾಕಿಲ್ಲ ಕಣವ್ವ. ಒಬ್ರಾದ್ಮೇಲೆ ಒಬ್ರು ಕರೀತಾರೆ. ನಿನ್ನ ಬೆಲ್ಲಾನೂ ಕೆಡಿಸ್ಬುಟ್ರೆ ನಾ ಎಲ್ಲಿಗೋಗ್ಲಿ?" ಎಂದ ಅವನು.

"ನೀ ಕೊಪ್ಪರಿಗೆ ನೋಡು. ಬಾಗ್ಲು ನಾ ನೋಡ್ಕೋತೀನಿ," ಎಂದು ಅವಳು ಬಾಗಿಲು ಪೂರಾ ತೆರೆದು, ಪಕ್ಕದಲ್ಲಿದ್ದ ಮಣೆಯ ಮೇಲೆ ಕೂತಳು.

ಜನ ಮೊದಲಿನಂತೆಯೇ ಬಂದರು. ಕೂಗಿದರು, ನಕ್ಕರು, ಕೂಸುಗಳು ರಚ್ಚೆ ಹಿಡಿದವು. ಗದ್ದಲ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಅದಕ್ಕೆಲ್ಲ ಓಗೊಡುವುದು ಈಗ ಅವನ ಕೆಲಸವಾಗಿರಲಿಲ್ಲ. ಸದ್ದು ಬಾಗಿಲಲ್ಲಿ ಹುಟ್ಟಿ ಬಾಗಿಲಲ್ಲೇ ಮುಗಿಯುತ್ತಿತ್ತು. ಅವನಿಗೆ ಪಾಕದ ದನಿಯೊಂದೇ ಕೇಳಿಸುತ್ತಿತ್ತು. ಅದು ಪೊಳಕ್ ಎಂದಿತು. "ಉರಿ ಎಳೀರಿ!" ಎಂದು ಹದಗಾರ ಒಲೆ ಉರಿಸುವ ಆಳುಗಳಿಗೆ ಕೂಗಿದ. ಕೊಪ್ಪರಿಗೆ ಇಳಿಯಿತು. ಬೆಲ್ಲ ಹೊಂಬಣ್ಣಕ್ಕೆ ಬಂದಿತ್ತು.

ಅವನಿಗೆ ಹೋದ ಜೀವ ಬಂದ ಹಾಗಾಯಿತು. ನಂಜವ್ವನಿಗೆ ಕೈಮುಗಿಯೋಣವೆಂದು ಹಿಂದಕ್ಕೆ ತಿರುಗಿದ. ಅವಳು ಅವನಿಗೆ ಬೆನ್ನು ಹಾಕಿ ಕೂತಿದ್ದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ನಾಯಿ ಓಡಿಸಲು ಕಬ್ಬಿನ ತುಂಡು. ಹಾಗೇ ನೋಡುತ್ತಾ ನಿಂತ. ಕಣ್ಣಲ್ಲಿ ನೀರು ತುಂಬಿತು.

"ಅವ್ವಾ, ಆ ಮಣೆ ಮೇಲೆ ನನ್ನ ಹೆಂಡ್ತಿ ಕೂರ್ತಿದ್ಲು," ಎಂದ.

"ಅದು ಊರಿಗೆಲ್ಲ ಗೊತ್ತು ಕಣಪ್ಪ," ಎಂದಳು ನಂಜವ್ವ.

ಕಬ್ಬಿನ ಒಡೆಯರು ಮೊದಲ ಅಚ್ಚಿನ ಬೆಲ್ಲವನ್ನು ಹದಗಾರನಿಗೆ ಕೊಡುವುದು ಅಲ್ಲಿಯ ವಾಡಿಕೆ. ನಂಜವ್ವ ಕೊಟ್ಟಳು. ಯಾವತ್ತೂ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಅವತ್ತು ಅದನ್ನು ಎಲೆಯಲ್ಲಿ ಸುತ್ತಿ ಹೆಗಲ ಬಟ್ಟೆಗೆ ಕಟ್ಟಿಕೊಂಡ. ಒಲೆ ಆರಿದ ಮೇಲೆ ಮಗಳ ಊರಿನ ದಾರಿ ಹಿಡಿದ. ಚಿಕ್ಕತಾಯಿ ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಕೆಲಸ ಬಿಟ್ಟು ಯಾಕೆ ಬಂದೆ ಎಂದು ಗಾಬರಿಯಿಂದ ಕೇಳಿದಳು. ಅವನು ಬೆಲ್ಲವನ್ನು ಅವಳ ಎಣ್ಣೆಗೈಗೆ ಇಟ್ಟ.

"ಇಷ್ಟು ವರ್ಸ ನಿನ್ ಪಾಲ್ನೂ ನಾನೇ ತಿಂದ್ಬುಟ್ಟೆ ಕಣೆ," ಎಂದ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ಬೆಲ್ಲ ಮುರಿದು ಅರ್ಧವನ್ನು ಅವನ ಬಾಯಿಗೇ ಇಟ್ಟಳು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಶಿಷ್ಯನಿಗೆ ಕತೆ ಮನಸ್ಸಿಗೆ ತಾಗಿತ್ತು, ಆದರೂ ಸಮಾಧಾನವಾಗಿರಲಿಲ್ಲ.

"ಹದಗಾರನಿಗೆ ಹೆಂಡತಿ ಇದ್ದಳು, ಗುರುಗಳೇ. ನನ್ನ ಬಾಗಿಲು ಕಾಯಲು ಯಾರಿದ್ದಾರೆ?" ಎಂದು ಕೇಳಿದ.

"ಇಷ್ಟು ಹೊತ್ತು ಕತೆ ಕೇಳಿದೆಯಲ್ಲಪ್ಪಾ, ನಡುವೆ ಒಬ್ಬರಾದರೂ ಒಳಗೆ ಬಂದರೇನು?" ಎಂದರು ಗುರುಗಳು.

ಶಿಷ್ಯ ಬಾಗಿಲ ಕಡೆ ತಿರುಗಿದ. ಮಠದ ಆಳೊಬ್ಬ ಇವರಿಗೆ ಬೆನ್ನು ಹಾಕಿ ಹೊಸ್ತಿಲಲ್ಲಿ ಕೂತು, ಬಂದವರನ್ನು ಮೆಲುದನಿಯಲ್ಲಿ ಮಾತಾಡಿಸಿ ಹೊರಗೇ ಕೂರಿಸುತ್ತಿದ್ದ.