ಕಾಗೆಮರಿ ಬರೆದ ಅಮ್ಮ

ತನ್ನ ಮರಿ ಇಂಗ್ಲಿಷಿನಲ್ಲಿ ಬರೆಯಲು ಕಲಿಯಬೇಕೆಂದು ತಾಯಿಕಾಗೆಯೊಂದಕ್ಕೆ ಬಲು ಹಂಬಲ. ಊರೆಲ್ಲ ಹೊಗಳುವ ಗಿಳಿಯ ಪಾಠಕ್ಕೆ ಮೊದಲು ಕಳಿಸಿ ನೋಡಿತು. ಸಂಜೆ ಮರಿ ತಂದ ಎಲೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ: ‘ನನ್ನ ಅಮ್ಮ ಹಸಿರು. ಅವಳ ಕೊಕ್ಕು ಕೆಂಪು.’

ಕಾಗೆ ಕಂಗಾಲಾಗಿ ಗಿಳಿಯ ಬಳಿಗೆ ಹಾರಿತು. “ಗುರುಗಳೇ, ಇದರ ಅಮ್ಮ ನಾನು!”

“ತಾಯೀ, ನಾನು ಬರೆಸಿದ್ದನ್ನೇ ಎಲ್ಲ ಮರಿಗಳೂ ಬರೆದಿವೆ. ಎಲ್ಲಿ, ಒಂದು ತಪ್ಪು ತೋರಿಸಿ ನೋಡೋಣ,” ಎಂದಿತು ಗಿಳಿ. ಕಾಗೆಗೆ ಒಂದೂ ಸಿಗಲಿಲ್ಲ.

ಮರುದಿನ ಗೊರವಂಕದ ಪಾಠ. ಈ ಸಲ ಎಲೆಯ ತುಂಬ ಕಾಗೆಕಾಲು ಗುಬ್ಬಿಕಾಲು: ‘ಅಮ್ಮ ಕಪ್ಪು. ತುತ್ತು ಸಿಕ್ಕರೆ ಎಲ್ಲರನ್ನೂ ಕೂಗಿ ಕರೆಯುತ್ತಾಳೆ. ಅವಳಿಗೇ ಉಳಿಯುವುದಿಲ್ಲ.’

“ತಪ್ಪು ಹನ್ನೊಂದಿವೆಯಮ್ಮ, ನಿಧಾನವಾಗಿ ತಿದ್ದೋಣ,” ಎಂದಿತು ಗೊರವಂಕ. ಆದರೆ ಎಲೆಯ ಕೆಳಗೆ ಅದು ಬರೆದಿದ್ದದ್ದು ಒಂದೇ ಪ್ರಶ್ನೆ: ‘ಹಾಗಾದರೆ ಅಮ್ಮ ಏನು ತಿನ್ನುತ್ತಾಳೆ?’

ಇಂಥ ಗುರುವೂ ಉಂಟೇ ಎಂದುಕೊಂಡಿತು ಕಾಗೆ.

ಸಂಜೆ ಗೂಡಿನಲ್ಲಿ ಮರಿ ತನ್ನ ತುತ್ತಿನ ಅರ್ಧವನ್ನು ಅಮ್ಮನತ್ತ ತಳ್ಳಿತು.

“ತಿನ್ನಮ್ಮಾ, ನಾಳೆ ನಾನು ಉತ್ತರ ಬರೀಬೇಕು.”