ಗುಬ್ಬಿಯ ಪುಟ

“ಅಜ್ಜಾರ, ಮುಂದ ಹೋಗದ ಕೂಸಿನ ಕೈಯಾಗಿನ ಪುಸ್ತಕ ತಗೊಂಡು, ಓಡೋ ಕೂಸಿಗೆ ಕೊಟ್ಟರ ತಪ್ಪೇನು?”

ಮಠದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದಾಗ, ಊರೆಲ್ಲ ಅಜ್ಜಾರು ಎಂದು ಕರೆಯುವ ಗುರುಗಳು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವನು ಹೇಳಿದ್ದು ಕಾಗದದ ಪುಸ್ತಕದ ಮಾತಲ್ಲ. ಭಕ್ತರೊಬ್ಬರು ಶಾಲೆಗೆ ಟ್ಯಾಬ್‌ಗಳನ್ನು ಕೊಡಿಸಿದ್ದರು. ಅವುಗಳ ತುಂಬ ಮಕ್ಕಳ ಕತೆಗಳು, ಅವನ್ನು ಓದಿ ಹೇಳುವ ದನಿ. ಇಬ್ಬರು ಮಕ್ಕಳಿಗೆ ಒಂದು ಟ್ಯಾಬ್. ಅದರಲ್ಲಿ ಹೆಸರು ಮಾತ್ರ ಒಬ್ಬರದು. ಯಾರು ಎಷ್ಟು ಓದಿದರು ಎಂಬುದು ಸಂಜೆಗೆ ಮರುಳಸಿದ್ಧನ ಮೊಬೈಲಿಗೆ ಬರುತ್ತಿತ್ತು. ಶಾಂಭವಿ ಎಂಬ ಹುಡುಗಿಯ ಹೆಸರಿನ ಮುಂದೆ ದಿನವೂ ಅದೇ ಕತೆ, ಅದೇ ಪುಟ. ಅವಳ ಟ್ಯಾಬನ್ನು ಚುರುಕಾದ ಬೇರೊಬ್ಬನಿಗೆ ಕೊಡಬೇಕೆಂದು ಅವನು ಮನಸ್ಸು ಮಾಡಿಯೇ ಬಂದಿದ್ದ.

ಅಜ್ಜಾರು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಅವನ ತಾಯಿ, ಒಬ್ಬಳೇ ಮಗಳು. ಕಪಾಟಿನಲ್ಲೇ ಕೂತ ಸೀರೆ ಮಡಿಕೆಯಲ್ಲೇ ಹರಿಯುತ್ತದೆ ಎಂದು ಬಲ್ಲವನು ಅವನು. ಯಾವುದೇ ಆಗಲಿ, ಸಾಗುತ್ತಿರಬೇಕು. ಮಗಳಿಗೆ ಓದುವ ಟ್ಯಾಬ್ ತಂದುಕೊಟ್ಟದ್ದೂ ಅವಳು ಬೇಗ ಸಾಗಲಿ ಎಂದೇ.

ಮೊದಲ ವಾರ ಮಗಳು ಕತೆಯ ಮೇಲೆ ಕತೆ ಮುಗಿಸಿದಳು. ಮೊಬೈಲಿಗೆ ಬಂದ ವರದಿಯನ್ನು ಅವನು ಗಿರಾಕಿಗಳಿಗೆಲ್ಲ ತೋರಿಸಿದ. ಆಮೇಲೆ ಏನಾಯಿತೋ, ಹುಡುಗಿ ಒಂದು ಗುಬ್ಬಿಯ ಕತೆಯಲ್ಲಿ ನಿಂತುಬಿಟ್ಟಳು. ದಿನ ದಿನವೂ ಗುಬ್ಬಿ, ಗುಬ್ಬಿಯ ಮೊದಲ ಪುಟ, ಗಾಣದೆತ್ತಿನ ಹಾಗೆ. ದನಿಯನ್ನೂ ಕೇಳುತ್ತಿಲ್ಲ ಎಂದು ವರದಿ ಹೇಳಿತು. ಎದುರಂಗಡಿಯವನು ಮಾತ್ರ ತನ್ನ ಮಗ ಕತೆ ಓದಿ ಗಳಿಸಿದ ನಕ್ಷತ್ರಗಳನ್ನು ಮೊಬೈಲಿನಲ್ಲಿ ತೋರಿಸಲು ದಿನವೂ ರಸ್ತೆ ದಾಟಿ ಬರುತ್ತಿದ್ದ.

ವ್ಯಾಪಾರಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯಿತ್ತು. ನನ್ನ ಮಗಳು ದಡ್ಡಿಯೇನೋ, ನಾನು ಗಮನಿಸದೆ ಹೋದೆನೇನೋ ಎಂದು. ಒಂದು ಮಧ್ಯಾಹ್ನ, ಟ್ಯಾಬನ್ನು ಕಿತ್ತುಕೊಂಡು ಹುಡುಗಿಯನ್ನು ಗದರಿಸಿ ಟ್ಯೂಷನ್ನಿಗೆ ಹಾಕುವುದೇ ಸರಿ ಎಂದುಕೊಂಡು, ಗಲ್ಲಾಪೆಟ್ಟಿಗೆಯನ್ನು ಹೆಂಡತಿಗೆ ಬಿಟ್ಟು ದಾಪುಗಾಲು ಹಾಕುತ್ತ ಮನೆಗೆ ಬಂದ.

ಬಾಗಿಲು ತೆರೆದಿತ್ತು. ಮಗಳು ಚಾಪೆಯ ಮೇಲೆ ಕೂತಿದ್ದಳು. ಟ್ಯಾಬ್ ಅವಳ ತೊಡೆಯ ಮೇಲಿರಲಿಲ್ಲ, ಅಜ್ಜಿಯ ತೊಡೆಯ ಮೇಲಿತ್ತು. ಎಂದೂ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಿದ್ದಳು.

“ಒತ್ತು ಐತಿ ಅಜ್ಜಿ, ಒತ್ತಿ ಹೇಳು,” ಎಂದಳು ಮಗಳು.

“ಗು… ಬ್ಬಿ.”

“ಹೂಂ. ಮುಂದ?”

ವ್ಯಾಪಾರಿ ಹೊಸ್ತಿಲಲ್ಲೇ ನಿಂತ. “ಆ ದನಿ ಯಾಕ ಬಂದ್ ಮಾಡೀ? ಅದ ಓದತೈತಲ್ಲ,” ಎಂದು ಕೇಳಿದ. ಸಿಟ್ಟಿನಲ್ಲಿ ಕೇಳಬೇಕೆಂದಿದ್ದ ಮಾತು ಸಣ್ಣಗೆ ಬಂತು.

ಮಗಳು ತಲೆ ಎತ್ತಲಿಲ್ಲ. “ಅದು ಓಡತೈತಪ್ಪ. ಅಜ್ಜಿ ಬರೂತನಕ ನಿಲ್ಲಂಗಿಲ್ಲ. ಅದಕ್ಕ ನಾನ ಓದಾಕತ್ತೀನಿ.”

ಅವನಿಗೆ ತನ್ನ ಬಾಲ್ಯ ನೆನಪಾಯಿತು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಅವನು ಪಕ್ಕದಲ್ಲಿ ಪಾಠ ಓದುತ್ತಿದ್ದ. “ಜೋರಾಗಿ ಓದು,” ಎಂದು ಗದರುತ್ತಿದ್ದಳು. ತಪ್ಪು ಹಿಡಿಯುತ್ತಾಳೆಂದು ಅವನು ಹೆದರಿ ಓದುತ್ತಿದ್ದ. ತಪ್ಪು ಓದಿದರೂ ಅವಳು ತಲೆದೂಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಕೇಳುವುದಷ್ಟೇ ಎಂಬುದು ಈಗ ತಿಳಿಯಿತು. ಅವನು ತರಗತಿಯಿಂದ ತರಗತಿಗೆ ಓಡಿದ; ಅವಳು ಒಲೆಯ ಮುಂದೆಯೇ ಉಳಿದಳು. ಒಮ್ಮೆಯೂ ಅವನು ತಿರುಗಿ ನೋಡಿರಲಿಲ್ಲ.

“ಅವ್ವಾ, ಓದೂದು ಕಲೀಬೇಕು ಅಂತ ನನಗ ಯಾಕ ಹೇಳಲಿಲ್ಲ?”

“ನಿನಗ ಅಂಗಡಿ ಗದ್ದಲ ಇತ್ತಲ್ಲೋ ಯಪ್ಪಾ,” ಎಂದಳು ತಾಯಿ, ಬೆರಳನ್ನು ಪರದೆಯಿಂದ ತೆಗೆಯದೆ. “ಈಗ ಸುಮ್ಮ ಕೂಡು. ಮಾತಾಡಿಸಿದರ ಸಾಲು ತಪ್ಪತೈತಿ.”

ಅವನು ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ಕೂತ. ತಾಯಿಯ ಬೆರಳು ಸರಿಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೆ ಸರಿಯಿತು. ಕೊನೆಗೆ “ಗುಬ್ಬಿ ಗೂಡಿಗೆ ಬಂತು” ಎಂದು ಇಡೀ ಸಾಲನ್ನು ತಾನೇ ಓದಿ, ಅವಳು ಮುಖ ಎತ್ತಿ ಮಗನನ್ನು ನೋಡಿದಳು. ಅವನು ತಲೆದೂಗಿದ. ಅಂದು ಸಂಜೆಯೂ ಮೊಬೈಲಿಗೆ ವರದಿ ಬಂತು, ನಿಮ್ಮ ಮಗು ಇಂದು ಮುಂದೆ ಹೋಗಿಲ್ಲ ಎಂದು. ಅವನು ಅದನ್ನು ಓದಿ ನಕ್ಕ, ಕಣ್ಣು ಒರೆಸಿಕೊಂಡ.

ಕತೆ ಮುಗಿಸಿ ಅಜ್ಜಾರು ಮತ್ತೆ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮರುಳಸಿದ್ಧ ಕೈಕಟ್ಟಿ ಕೂತಿದ್ದ. ಒಂದು ಕಾಯಿ ಸುಲಿದು ಅವರು ಕೇಳಿದರು:

“ಇಬ್ಬರಿಗೆ ಒಂದು ಟ್ಯಾಬ್ ಅಂದಿ, ಆ ಶಾಂಭವಿ ಬಾಜೂಕ ಕೂಡೋ ಕೂಸಿನ ಹೆಸರೇನಪಾ?”

ಮರುಳಸಿದ್ಧನಿಗೆ ಆ ಹೆಸರು ಗೊತ್ತಿರಲಿಲ್ಲ. ಕೇಳಿಕೊಂಡು ಬರಲು ಅವನು ಎದ್ದು ಶಾಲೆಯ ಕಡೆ ನಡೆದ.